ಮೊದಲ ಸ್ಕ್ಯಾನ್‌ಗೂ ಮುಂಚೆ ನಮ್ಮನ್ನ ಕರೀರಿ: ಕ್ಯಾನ್ಸರ್ ಇಮೇಜಿಂಗ್ ಸಂಶೋಧನೆಗೆ ದುಡ್ಡು ಕೊಡೋರಿಗೆ ಒಂದು ಬಹಿರಂಗ ಪತ್ರ

ಕ್ಯಾನ್ಸರ್ ಸಂಶೋಧನೆಗೆ ಅನುದಾನ ಮಂಜೂರು ಮಾಡೋ ಸಂಸ್ಥೆಗಳ ಮುಖ್ಯಸ್ಥರಿಗೆ, ಅರ್ಜಿ ಪರಿಶೀಲನಾ ಸಮಿತಿಯಲ್ಲಿ ಕೂರೋ ಹಿರಿಯರಿಗೆ, ಆಸ್ಪತ್ರೆಗಳಲ್ಲಿ ಸಂಶೋಧನಾ ವಿಭಾಗ ನಡೆಸೋರಿಗೆ,

ನಮಸ್ಕಾರ.

ನಾನು ಸುಮಾರು ವರ್ಷದಿಂದ ಕ್ಯಾನ್ಸರ್ ಇಮೇಜಿಂಗ್ ಸಂಶೋಧನೆಗಳಿಗೆ ಇನ್‌ಫರ್ಮ್ಯಾಟಿಕ್ಸ್ ಸಲಹೆ ಕೊಡೋ ಕೆಲಸ ಮಾಡ್ತಿದೀನಿ. ಸ್ಕ್ಯಾನ್ ನೋಡಿ ರೋಗ ಹೇಳೋದು ನನ್ನ ಕೆಲಸ ಅಲ್ಲ, ಅದು ರೇಡಿಯಾಲಜಿಸ್ಟ್‌ಗೆ ಬಿಟ್ಟಿದ್ದು. ಆ ಚಿತ್ರ ಮಷೀನ್‌ನಿಂದ ಹೊರಗೆ ಬಂದು, ರೋಗಿಯ ಹೆಸರು ತೆಗೆಸ್ಕೊಂಡು, ಇನ್ನೆಲ್ಲೋ ಇರೋ ಸರ್ವರ್ ಸೇರಿ, ಅದರ ಮೇಲೆ ಯಾರೋ ಗಡ್ಡೆ ಗುರುತು ಹಾಕಿ, ಆ ಗುರುತಿಂದ ಒಂದು ನಂಬರ್ ಹುಟ್ಟಿ, ಆ ನಂಬರ್ ಪೇಪರ್‌ನಲ್ಲಿ ಅಚ್ಚಾಗೋ ತನಕ ದಾರಿಯಲ್ಲಿ ಏನೂ ಕಳೀಬಾರದು, ಏನೂ ಕೆಡಬಾರದು, ಅದನ್ನ ನೋಡ್ಕೊಳ್ಳೋದು ನಮ್ಮ ಕೆಲಸ.

ನಮ್ಮನ್ನ ಕರೆಯೋದು ಯಾವಾಗ ಗೊತ್ತಾ? ಎಲ್ಲಾ ಮುಗಿದ ಮೇಲೆ. ರೋಗಿಗಳು ಸೇರಿಯಾಗಿರುತ್ತೆ, ಸ್ಕ್ಯಾನ್ ಆಗಿರುತ್ತೆ, ಹಾರ್ಡ್ ಡಿಸ್ಕ್ ತುಂಬಿರುತ್ತೆ, ಲೆಕ್ಕ ಹಾಕೋಕೆ ಕೂತಾಗ ಏನೋ ತಾಳೆ ಆಗ್ತಿಲ್ಲ ಅಂತ ಆಗ ಫೋನ್ ಬರುತ್ತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರು ಅಂತಾರಲ್ಲ, ಹಾಗೆ. ಈ ಪತ್ರ ಬರೀತಿರೋದು ಇದೊಂದು ಬದಲಾಗಲಿ ಅಂತ.

ಒಂದು ಪ್ರಸಂಗ ಹೇಳ್ತೀನಿ. ಸಂಸ್ಥೆಯ ಹೆಸರು ಬೇಡ, ಅಲ್ಲಿದ್ದವರೆಲ್ಲ ಪ್ರಾಮಾಣಿಕವಾಗಿ ಕೆಲಸ ಮಾಡಿದವರೇ. ನಾಲ್ಕೈದು ಆಸ್ಪತ್ರೆ ಸೇರಿ ಮಾಡ್ತಿದ್ದ ಪೆಟ್ ಸ್ಕ್ಯಾನ್ ಸ್ಟಡಿ, ಅಂದ್ರೆ ವಿಕಿರಣ ಸೂಸೋ ಸಕ್ಕರೆಯಂಥ ವಸ್ತು ಚುಚ್ಚಿ, ಅದು ಮೈಯಲ್ಲಿ ಎಲ್ಲಿ ಸೇರುತ್ತೆ ಅಂತ ನೋಡೋ ಸ್ಕ್ಯಾನ್. ಕೀಮೋ ಶುರು ಮಾಡೋ ಮುಂಚೆ ಒಂದು ಸ್ಕ್ಯಾನ್, ಎರಡು ಸೈಕಲ್ ಆದಮೇಲೆ ಇನ್ನೊಂದು, ಗಡ್ಡೆ ಸಕ್ಕರೆ ಹೀರೋದು ಎಷ್ಟು ಇಳೀತು ಅಂತ ನೋಡಿ ಔಷಧ ಹಿಡೀತಿದೆಯಾ ಇಲ್ವಾ ಅಂತ ಬೇಗ ಹೇಳಬಹುದಾ ಅನ್ನೋ ಪ್ರಶ್ನೆ. ಒಳ್ಳೇ ಪ್ರಶ್ನೆ. ಇದನ್ನ ಅಳೆಯೋಕೆ ಎಸ್‌ಯುವಿ ಅನ್ನೋ ಲೆಕ್ಕ ಇದೆ, ಪೆಟ್ ಗೊತ್ತಿರೋರಿಗೆಲ್ಲ ಗೊತ್ತು: ಗಡ್ಡೆಯಲ್ಲಿ ಎಷ್ಟು ವಿಕಿರಣ ಸೇರ್ಕೊಂಡಿದೆ ಅನ್ನೋದನ್ನ, ಚುಚ್ಚಿದ ಡೋಸ್ ಎಷ್ಟು, ರೋಗಿಯ ತೂಕ ಎಷ್ಟು ಅನ್ನೋದರ ಜೊತೆ ಹೊಂದಿಸಿ ನೋಡೋದು. ಆ ಇಂಜೆಕ್ಷನ್‌ನಲ್ಲಿ ವಿಕಿರಣ ಸೂಸೋ ಫ್ಲೋರಿನ್-18ರ ಅರ್ಧಾಯುಷ್ಯ, ಅಂದ್ರೆ ವಿಕಿರಣ ಅರ್ಧಕ್ಕೆ ಇಳಿಯೋಕೆ ಬೇಕಾದ ಸಮಯ, ಸುಮಾರು 110 ನಿಮಿಷ, ಹಾಗಾಗಿ ಇಂಜೆಕ್ಷನ್ ಯಾವ ಗಳಿಗೆಯಲ್ಲಿ ಕೊಟ್ರು, ಸ್ಕ್ಯಾನ್ ಯಾವ ಗಳಿಗೆಯಲ್ಲಿ ಶುರುವಾಯ್ತು ಅನ್ನೋದೂ ನಿಮಿಷದ ಲೆಕ್ಕದಲ್ಲಿ ಬೇಕು. ತೂಕ, ಡೋಸ್, ಸಮಯ, ಇವೆಲ್ಲ ಆ ಚಿತ್ರದ ಫೈಲ್‌ನ ಒಳಗೇ, ಡೈಕಾಮ್ ಹೆಡರ್ ಅಂತಾರಲ್ಲ, ಅದರಲ್ಲಿ ಬರೆದಿರುತ್ತೆ (ಡೈಕಾಮ್ ಅಂದ್ರೆ ವೈದ್ಯಕೀಯ ಚಿತ್ರಗಳನ್ನ ಇಡೋ ಫೈಲ್ ರೂಪ).

ಆ ಸ್ಟಡಿಯಲ್ಲಿ ಏನಾಗಿತ್ತು ಅಂದ್ರೆ, ರೋಗಿಯ ಗುರುತು ತೆಗೀಬೇಕು ಅಂತ ಯಾರೋ ಒಂದು ಸ್ಕ್ರಿಪ್ಟ್ ಬರೆದಿದ್ರು. ಹೆಸರು ತೆಗೀತು, ಹುಟ್ಟಿದ ದಿನ ತೆಗೀತು, ಸರಿ. ಜೊತೆಗೆ ತೂಕನೂ ತೆಗೀತು. ಒಂದು ಆಸ್ಪತ್ರೆಯಿಂದ ಬಂದ ಫೈಲ್‌ಗಳಲ್ಲಿ ಇಂಜೆಕ್ಷನ್ ಕೊಟ್ಟ ಸಮಯ ಮಧ್ಯರಾತ್ರಿ ಸೊನ್ನೆ ಗಂಟೆ ಅಂತ ಆಗಿಹೋಗಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ತೆಗೆದ ಸ್ಕ್ಯಾನ್, ಇಂಜೆಕ್ಷನ್ ಮಧ್ಯರಾತ್ರಿ ಕೊಟ್ಟಿದ್ದು ಅಂತ ಸಾಫ್ಟ್‌ವೇರ್ ನಂಬ್ಕೊಂಡ್ರೆ ಆರು ಅರ್ಧಾಯುಷ್ಯ ಕಳೆದ ಲೆಕ್ಕ, ಡೋಸ್ ಅರವತ್ನಾಲ್ಕನೇ ಒಂದು ಭಾಗಕ್ಕೆ ಇಳಿದಿದೆ ಅಂದ್ಕೊಳ್ಳುತ್ತೆ, ಎಸ್‌ಯುವಿ 5 ಇರಬೇಕಾದ ಕಡೆ ಇನ್ನೂರ ಚಿಲ್ಲರೆ ತೋರಿಸುತ್ತೆ. ಅದನ್ನ ನೋಡಿ ಎಲ್ಲರೂ ಗಾಬರಿಯಾಗಿ ನನಗೆ ಫೋನ್ ಮಾಡಿದ್ದು.

ನಿಜ ಹೇಳಬೇಕಂದ್ರೆ ಆ ಇನ್ನೂರು ನಮ್ಮ ಪುಣ್ಯ. ಅದು ಕಣ್ಣಿಗೆ ಹೊಡೀತು. ಕಣ್ಣಿಗೆ ಬೀಳದೇ ಇದ್ದಿದ್ದು ತೂಕದ ತಪ್ಪು. ತೂಕ ಖಾಲಿ ಇದ್ದ ಕಡೆ ಅವರ ಪ್ರೋಗ್ರಾಮ್ ಸುಮ್ಮನೆ 70 ಕೆಜಿ ಅಂತ ಹಾಕ್ಕೊಂಡು ಮುಂದೆ ಹೋಗಿತ್ತು. 48 ಕೆಜಿ ಇರೋ ಒಬ್ಬ ಹೆಂಗಸಿನ ಗಡ್ಡೆ 4.8 ತೋರಿಸಬೇಕಾದ ಕಡೆ 7 ತೋರಿಸ್ತಿತ್ತು. 7 ಅನ್ನೋದು ಯಾರಿಗೂ ಅನುಮಾನ ಬರೋ ನಂಬರ್ ಅಲ್ಲ. ಮತ್ತೆ ಕ್ಯಾನ್ಸರ್ ರೋಗಿಗಳು ಚಿಕಿತ್ಸೆ ನಡೀತಾ ನಡೀತಾ ಇಳಿದು ಹೋಗ್ತಾರೆ, ಮೊದಲ ಸ್ಕ್ಯಾನ್‌ಗೂ ಎರಡನೇ ಸ್ಕ್ಯಾನ್‌ಗೂ ತೂಕ ಒಂದೇ ಇರಲ್ಲ, ಎರಡಕ್ಕೂ ಒಂದೇ 70 ಹಾಕಿದ್ರೆ ಔಷಧ ಹಿಡೀತಾ ಅನ್ನೋ ಮೂಲ ಪ್ರಶ್ನೆಗೇ ಪೆಟ್ಟು.

ಆಮೇಲೆ ಆ ಆಸ್ಪತ್ರೆಗಳ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಕೈಯಲ್ಲಿ ಬರೆದಿಟ್ಟಿದ್ದ ರಿಜಿಸ್ಟರ್‌ಗಳನ್ನ ಹುಡುಕಿಸಿದ್ವಿ. ಡೇಟಾ ನೋಡ್ಕೊಳ್ತಿದ್ದ ಒಬ್ಬ ಹುಡುಗಿ ವಾರಗಟ್ಟಲೆ ಕೂತು ಒಂದೊಂದೇ ತೂಕ, ಒಂದೊಂದೇ ಇಂಜೆಕ್ಷನ್ ಸಮಯ ನೋಡಿ ನೋಡಿ ತುಂಬಿದ್ಲು, ಸಿರಿಂಜ್‌ನಲ್ಲಿ ಉಳಿದ ಡೋಸ್ ಎಷ್ಟು ಅನ್ನೋ ಕಾಲಂ ಕೆಲವು ಪುಟದಲ್ಲಿ ಖಾಲಿನೇ ಇತ್ತು. ಒಂದು ಕಡೆ ಮೂಲ ಫೈಲ್‌ಗಳೇ ಇರಲಿಲ್ಲ, ಪ್ಯಾಕ್ಸ್, ಅಂದ್ರೆ ಆಸ್ಪತ್ರೆ ಸ್ಕ್ಯಾನ್‌ಗಳನ್ನ ಕೂಡಿಡೋ ಸಿಸ್ಟಮ್, ಬದಲಾಯಿಸುವಾಗ ಹಳೇದು ಹೋಗಿತ್ತು. ಆ ರೋಗಿಗಳ ಡೇಟಾ ಸ್ಟಡಿಯಿಂದ ಬಿಟ್ಟೇ ಬಿಡಬೇಕಾಯ್ತು. ಅವರಲ್ಲಿ ಕೆಲವರು ಆ ಹೊತ್ತಿಗೆ ತೀರ್ಕೊಂಡಿದ್ರು. ನನಗೆ ಉಪಯೋಗ ಆಗದಿದ್ರೂ ಮುಂದೆ ಬರೋರಿಗಾದ್ರೂ ಆಗಲಿ ಅಂತ ಸಹಿ ಹಾಕಿ, ಖಾಲಿ ಹೊಟ್ಟೇಲಿ ಬಂದು, ಇಂಜೆಕ್ಷನ್ ತಗೊಂಡು ಒಂದು ಗಂಟೆ ಅಲುಗಾಡದೆ ಮಲಗಿದ್ದವರು. ಅವರು ಕೊಟ್ಟಿದ್ದನ್ನ ನಾವು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ ಮಾಡಿದ್ವಿ. ನನಗೆ ಇವತ್ತಿಗೂ ಅದು ಮನಸ್ಸಿಂದ ಹೋಗಿಲ್ಲ.

ಇದರಲ್ಲಿ ಸಂಕಟದ ವಿಷಯ ಅಂದ್ರೆ ಇದಕ್ಕೆ ಹೊಸದೇನೂ ಕಂಡುಹಿಡೀಬೇಕಿರಲಿಲ್ಲ. ಡೈಕಾಮ್ ಅನ್ನೋ ಸ್ಟ್ಯಾಂಡರ್ಡ್‌ನ ಮೂಲ ರೂಪ ಬಂದಿದ್ದು 1985ರಲ್ಲಿ, ಡೈಕಾಮ್ ಅನ್ನೋ ಹೆಸರಲ್ಲಿ ಬಂದಿದ್ದು 1993ರಲ್ಲಿ. ಗುರುತು ತೆಗೆಯೋದು ಹೇಗೆ ಅಂತ ಅದರ 15ನೇ ಭಾಗದಲ್ಲಿ ಟ್ಯಾಗ್ ಟ್ಯಾಗ್‌ಗೂ, ಅಂದ್ರೆ ಹೆಡರ್‌ನ ಒಂದೊಂದು ಮಾಹಿತಿ ಖಾನೆಗೂ, ಬರೆದಿಟ್ಟಿದಾರೆ. ಸಂಶೋಧನೆಗೆ ಬೇಕಿದ್ರೆ ತೂಕ ಎತ್ತರದಂಥವನ್ನ ಉಳಿಸ್ಕೊಳ್ಳೋಕೆ ಒಂದು ಆಯ್ಕೆ, ದಿನಾಂಕ ಸಮಯಗಳನ್ನ ಒಂದಕ್ಕೊಂದು ಸಂಬಂಧ ಕೆಡದ ಹಾಗೆ ಒಟ್ಟಿಗೆ ಹಿಂದೆ ಮುಂದೆ ಸರಿಸೋಕೆ ಇನ್ನೊಂದು ಆಯ್ಕೆ, ಎಲ್ಲಾ ಇದೆ. ಈ ಸ್ಟಡಿಗೆ ಇವೆರಡೂ ಬೇಕು ಅಂತ ಮೊದಲ ದಿನ ಹೇಳೋಕೆ ಒಬ್ಬರು ಇರಬೇಕಿತ್ತು, ಅರ್ಧ ಗಂಟೆ ಮಾತು. ಆ ಅರ್ಧ ಗಂಟೆಗೆ ಬಜೆಟ್‌ನಲ್ಲಿ ಜಾಗ ಇರಲಿಲ್ಲ.

ಹಾಗಂತ ಎಲ್ಲಾ ಉಳಿಸ್ಕೊಳ್ಳಿ ಅಂತಾನೂ ನಾನು ಹೇಳ್ತಿಲ್ಲ. ರೋಗಿಯ ಗುಟ್ಟು ಕಾಯೋದು ದೊಡ್ಡ ಜವಾಬ್ದಾರಿ, ಮತ್ತೆ ಅದು ಹೆಸರು ಅಳಿಸಿದ ತಕ್ಷಣ ಮುಗಿಯೋ ಕೆಲಸ ಅಲ್ಲ. ಅಲ್ಟ್ರಾಸೌಂಡ್ ಚಿತ್ರಗಳಲ್ಲಿ ಎಷ್ಟೋ ಸಲ ಹೆಸರು ಚಿತ್ರದ ಮೇಲೇ ಬಿಳಿ ಅಕ್ಷರದಲ್ಲಿ ಅಚ್ಚಾಗಿರುತ್ತೆ, ಹೆಡರ್ ಎಷ್ಟೇ ಉಜ್ಜಿದ್ರೂ ಅದು ಹೋಗಲ್ಲ. ಮಷೀನ್ ಕಂಪನಿಗಳು ತಮ್ಮದೇ ಅಂತ ಇಟ್ಕೊಂಡಿರೋ ಪ್ರೈವೇಟ್ ಟ್ಯಾಗ್‌ಗಳು ಬೇರೆ, ಒಂದರಲ್ಲಿ ಲೆಕ್ಕಕ್ಕೆ ಬೇಕೇ ಬೇಕಾದ ಸಂಖ್ಯೆ ಇರುತ್ತೆ, ಪಕ್ಕದ್ದರಲ್ಲೇ ರೋಗಿಯ ಹೆಸರು ಕೂತಿರುತ್ತೆ, ಕಣ್ಣುಮುಚ್ಚಿ ಎಲ್ಲಾ ಅಳಿಸಿದ್ರೂ ಕಷ್ಟ, ಎಲ್ಲಾ ಬಿಟ್ರೂ ಕಷ್ಟ. ತಲೆಯ ಎಂಆರ್‌ಐ ಅಂತೂ ಇನ್ನೂ ಸೂಕ್ಷ್ಮ, ಅದರಿಂದ ಮುಖಾನೇ ಕಟ್ಟಬಹುದು. 2019ರಲ್ಲಿ ಮೇಯೋ ಕ್ಲಿನಿಕ್‌ನವರು 84 ಸ್ವಯಂಸೇವಕರ ಎಂಆರ್‌ಐಗಳಿಂದ ಮುಖ ಕಟ್ಟಿ, ಎಲ್ಲರಿಗೂ ಸಿಗೋ ಮುಖ ಗುರುತಿಸೋ ಸಾಫ್ಟ್‌ವೇರ್‌ಗೆ ಕೊಟ್ರು, 70 ಜನರ ಫೋಟೊ ಸರಿಯಾಗಿ ಹೊಂದಿಕೆ ಆಯ್ತು. ಹೆಡರ್‌ನಲ್ಲಿ ಹೆಸರಿಲ್ಲ, ಆದ್ರೂ ಮನುಷ್ಯ ಸಿಕ್ಕಿಬಿದ್ದ. ಅಂದ್ರೆ ಏನು ತೆಗೀಬೇಕು, ಏನು ಉಳೀಬೇಕು ಅನ್ನೋದು ಪ್ರತಿ ಸ್ಟಡಿಗೂ ಬೇರೆ, ಕೂತು ಯೋಚನೆ ಮಾಡಬೇಕಾದ್ದು. ನೈತಿಕ ಸಮಿತಿಯವರ ಜೊತೆ ಕೂತು ಇದನ್ನ ಮಾತಾಡೋ ಒಬ್ಬರು ಬೇಕು, ಯಾಕಂದ್ರೆ ಆ ಸಮಿತಿಯಲ್ಲಿ ಕಾನೂನು ಗೊತ್ತಿರೋರು ಇರ್ತಾರೆ, ವೈದ್ಯರು ಇರ್ತಾರೆ, ಡೈಕಾಮ್ ಫೈಲ್ ಬಿಚ್ಚಿ ನೋಡಿದವರು ಸಾಮಾನ್ಯವಾಗಿ ಇರಲ್ಲ.

ಇನ್ನು ಗುರುತು ಹಾಕೋ ವಿಷಯ. ಗಡ್ಡೆಯ ಅಂಚು ಎಲ್ಲಿ ಅಂತ ರೇಡಿಯಾಲಜಿಸ್ಟ್ ಗೆರೆ ಎಳೀತಾರಲ್ಲ, ನನ್ನ ಪ್ರಕಾರ ಇಡೀ ಸಂಶೋಧನೆಯಲ್ಲಿ ಅತಿ ಬೆಲೆಬಾಳೋ ವಸ್ತು ಅದು. ಅನುಭವಿ ಕಣ್ಣು, ಅನುಭವಿ ಕೈ, ರಾತ್ರಿ ಡ್ಯೂಟಿ ಮುಗಿಸಿ ಬಂದು ಕೂತು ಎಳೆದ ಗೆರೆ. ಒಂದು ಕಡೆ ಹೋದಾಗ ನೋಡಿದೆ, ತಿಂಗಳುಗಟ್ಟಲೆ ಎಳೆದ ಗೆರೆಗಳನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು ಜೆಪೆಗ್ ಆಗಿ ಇಟ್ಟಿದ್ರು. ಬೂದು ಚಿತ್ರದ ಮೇಲೆ ಒಂದು ಕೆಂಪು ಸುತ್ತು, ಅಷ್ಟೇ. ಯಾವ ಸ್ಲೈಸ್ (ಸ್ಕ್ಯಾನ್ ಮೈಯನ್ನ ಪದರ ಪದರವಾಗಿ ತೋರಿಸುತ್ತಲ್ಲ, ಅದರಲ್ಲಿ ಒಂದು ಪದರ), ಒಂದು ಪಿಕ್ಸೆಲ್ ಅಂದ್ರೆ ಎಷ್ಟು ಮಿಲಿಮೀಟರ್, ಯಾರು ಎಳೆದಿದ್ದು, ಯಾವ ದಿನ, ಏನೂ ಇಲ್ಲ. ಕೆಂಪು ಗೆರೆ ಕೆಳಗಿದ್ದ ಪಿಕ್ಸೆಲ್‌ಗಳೂ ಹೋದವು. ಡೈಕಾಮ್ ಸೆಗ್ಮೆಂಟೇಷನ್ ಅಂತ ಇದಕ್ಕೇ ಇರೋ ಫೈಲ್ ರೂಪ ಇದೆ, ಅವರು ಬಳಸ್ತಿದ್ದ ವ್ಯೂವರ್‌ನಲ್ಲೇ ಅದಕ್ಕೆ ಸೇವ್ ಮಾಡೋ ಮೆನು ಇತ್ತು. ಅದನ್ನ ನಾನು ತೋರಿಸಿದಾಗ ಆ ಡಾಕ್ಟರ್ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಮತ್ತೆ ಒಬ್ಬರು ಎಳೆದ ಗೆರೆ ಸಾಕಾಗಲ್ಲ. ಎಲ್‌ಐಡಿಸಿ-ಐಡಿಆರ್‌ಐ ಅಂತ ಶ್ವಾಸಕೋಶದ ಸಿಟಿಗಳ ಒಂದು ಪ್ರಸಿದ್ಧ ಸಂಗ್ರಹ ಇದೆ, 1018 ಸ್ಕ್ಯಾನ್, ಒಂದೊಂದನ್ನೂ ನಾಲ್ಕು ರೇಡಿಯಾಲಜಿಸ್ಟ್‌ಗಳು ನೋಡಿದಾರೆ, ಮೊದಲು ಒಬ್ಬೊಬ್ಬರೇ, ಆಮೇಲೆ ಉಳಿದ ಮೂವರು ಏನು ಹಾಕಿದಾರೆ ಅಂತ ನೋಡ್ಕೊಂಡು ಇನ್ನೊಂದು ಸಲ. ಹಾಗೆ ಮಾಡಿದ್ರೂ, 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಂಟು ಅಂತ ಒಬ್ಬರಾದ್ರೂ ಹೇಳಿದ್ದು 2669, ನಾಲ್ಕೂ ಜನ ಹೌದು ಅಂದಿದ್ದು 928 ಮಾತ್ರ. ಮೂರರಲ್ಲಿ ಒಂದು! ಅದನ್ನ ಕಟ್ಟಿದವರ ದೊಡ್ಡತನ ಏನಂದ್ರೆ ನಾಲ್ಕೂ ಜನರನ್ನ ಬಲವಂತವಾಗಿ ಒಂದೇ ಉತ್ತರಕ್ಕೆ ಒಪ್ಪಿಸಲಿಲ್ಲ, ಭಿನ್ನಾಭಿಪ್ರಾಯನ ಹಾಗೇ ಉಳಿಸಿ, ನಾಲ್ಕು ಓದನ್ನೂ ಬೇರೆ ಬೇರೆಯಾಗಿ ಬರೆದಿಟ್ರು. ಅದಕ್ಕೇ ಇವತ್ತಿಗೂ ಜನ ಅದರ ಮೇಲೆ ಹೊಸ ಹೊಸ ಪ್ರಶ್ನೆ ಕೇಳ್ತಾ ಇದಾರೆ. ಯಾವುದೋ ಎಕ್ಸೆಲ್ ಶೀಟ್‌ನಲ್ಲಿ ಇದೆ / ಇಲ್ಲ ಅಂತ ಒಂದೇ ಕಾಲಂ ಇಟ್ಟಿದ್ರೆ ಅದು ಆಗ್ತಿರಲಿಲ್ಲ. ಆ ಕಾಲಂ ಎಷ್ಟಿರಬೇಕು ಅನ್ನೋ ನಿರ್ಧಾರ ಇದೆಯಲ್ಲ, ಅದು ಇನ್‌ಫರ್ಮ್ಯಾಟಿಕ್ಸ್, ಮತ್ತೆ ಅದು ಮೊದಲೇ ಆಗಬೇಕು.

ಇಷ್ಟು ಸಣ್ಣ ಅಳತೆಗೆ ಯಾಕೆ ಇಷ್ಟು ತಲೆ ಕೆಡಿಸ್ಕೋಬೇಕು ಅಂತ ಕೆಲವು ಸಮಿತಿಗಳಲ್ಲಿ ನನ್ನನ್ನ ಕೇಳಿದಾರೆ. ಗಡ್ಡೆ ಕುಗ್ಗಿತಾ ಬೆಳೀತಾ ಅಂತ ತೀರ್ಮಾನಿಸೋ ರೆಸಿಸ್ಟ್ 1.1 ನಿಯಮ ನೋಡಿ, 2009ರಿಂದ ಗಟ್ಟಿ ಗಡ್ಡೆಗಳ ಟ್ರಯಲ್‌ಗಳಲ್ಲಿ ಎಲ್ಲಾ ಕಡೆ ಅದೇ. ಗುರುತಿಸಿದ ಗಡ್ಡೆಗಳ ಉದ್ದಳತೆಯ ಮೊತ್ತ ಮೊದಲಿಗಿಂತ 30 ಪರ್ಸೆಂಟ್ ಇಳಿದ್ರೆ ಔಷಧ ಕೆಲಸ ಮಾಡ್ತಿದೆ ಅಂತ, ಅತಿ ಕಡಿಮೆ ಇದ್ದಾಗಿನ ಅಳತೆಗಿಂತ 20 ಪರ್ಸೆಂಟ್ ಮತ್ತೆ ಕನಿಷ್ಠ 5 ಮಿಲಿಮೀಟರ್ ಏರಿದ್ರೆ ರೋಗ ಬೆಳೀತಿದೆ ಅಂತ. 5 ಮಿಲಿಮೀಟರ್ ಅಂದ್ರೆ ಎಷ್ಟೋ ಕಡೆ ಒಂದು ಸ್ಲೈಸ್‌ನ ದಪ್ಪ. ಮೊದಲ ಸ್ಕ್ಯಾನ್ ತೆಳು ಸ್ಲೈಸ್‌ನಲ್ಲಿ ತೆಗೆದು, ಎರಡನೇದನ್ನ ಬೇರೆ ಮಷೀನ್‌ನಲ್ಲಿ ದಪ್ಪ ಸ್ಲೈಸ್‌ನಲ್ಲಿ, ಬೇರೆ ಕರ್ನಲ್‌ನಲ್ಲಿ (ಚಿತ್ರ ಎಷ್ಟು ಚೂಪಾಗಿರಬೇಕು ಅನ್ನೋ ಸೆಟ್ಟಿಂಗ್) ತೆಗೆದ್ರೆ, ಗಡ್ಡೆ ಇದ್ದ ಹಾಗೇ ಇದ್ರೂ ಅಳತೆ ಬದಲಾಗಬಹುದು. ಆ ಬದಲಾವಣೆ ಮೇಲೆ ಒಬ್ಬ ರೋಗಿಯನ್ನ ಟ್ರಯಲ್‌ನಿಂದ ತೆಗೀತಾರೆ ಅಥವಾ ಉಳಿಸ್ಕೊಳ್ತಾರೆ.

ಈಗ ಎಐ ಬಂದಿದೆ, ಅದಕ್ಕೆ ದುಡ್ಡೂ ಧಾರಾಳವಾಗಿ ಬರ್ತಿದೆ, ಒಳ್ಳೇದೇ. ಆದ್ರೆ ಎಐಗೆ ಚಿತ್ರದಲ್ಲಿ ಕಾಣೋದೆಲ್ಲ ಸುಳಿವು. ಚರ್ಮದ ಕ್ಯಾನ್ಸರ್ ಫೋಟೊಗಳಲ್ಲಿ ಡಾಕ್ಟರ್‌ಗೆ ಅನುಮಾನ ಬಂದ ಮಚ್ಚೆ ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಫೋಟೊ ತೆಗೀತಾರೆ, ಮಾಡೆಲ್ ಆ ಪಟ್ಟಿ ನೋಡಿ ಕ್ಯಾನ್ಸರ್ ಅನ್ನೋಕೆ ಕಲಿತಿದ್ದು ದಾಖಲಾಗಿರೋ ವಿಷಯ. ಒಬ್ಬರೇ ರೋಗಿಯ ಎಡಗಡೆ ಮ್ಯಾಮೋಗ್ರಾಮ್ ಕಲಿಸೋ ಗುಂಪಿಗೆ, ಬಲಗಡೆದು ಪರೀಕ್ಷೆ ಗುಂಪಿಗೆ ಹೋಗಿಬಿಟ್ರೆ ಫಲಿತಾಂಶ ಬಂಗಾರದ ಹಾಗೆ ಹೊಳೆಯುತ್ತೆ, ಬೇರೆ ಆಸ್ಪತ್ರೆಗೆ ಒಯ್ದ ದಿನ ಬಣ್ಣ ಬಯಲಾಗುತ್ತೆ. ರೇಡಿಯೋಮಿಕ್ಸ್‌ನಲ್ಲೂ, ಅಂದ್ರೆ ಸ್ಕ್ಯಾನ್ ಚಿತ್ರದಿಂದ ಗಡ್ಡೆಯ ಆಕಾರ, ನೇಯ್ಗೆಯಂಥವನ್ನ ಫೀಚರ್ ಅನ್ನೋ ಸಂಖ್ಯೆಗಳಾಗಿ ತೆಗೆಯೋದರಲ್ಲೂ, ಇದೇ ಪಾಡಿತ್ತು, ಒಂದೇ ಹೆಸರಿನ ಫೀಚರ್‌ಗೆ ಒಂದೊಂದು ಸಾಫ್ಟ್‌ವೇರ್ ಒಂದೊಂದು ಉತ್ತರ. ಕೊನೆಗೆ 25 ತಂಡಗಳು ಸೇರಿ ಐಬಿಎಸ್‌ಐ ಅನ್ನೋ ಒಂದು ಜಂಟಿ ಪ್ರಯತ್ನ ಮಾಡಿ, ಒಂದೇ ಚಿತ್ರ ಎಲ್ಲರೂ ಲೆಕ್ಕ ಹಾಕಿ, ತಾಳೆ ನೋಡಿ ನೋಡಿ, 2020ರಲ್ಲಿ 169 ಫೀಚರ್‌ಗಳಿಗೆ ಒಪ್ಪಿದ ಉತ್ತರ ಕೊಟ್ರು. ಯಾರೂ ಚಪ್ಪಾಳೆ ತಟ್ಟದ ಕೆಲಸ, ಆದ್ರೆ ಅದಿಲ್ಲದೆ ಆ ಕ್ಷೇತ್ರಕ್ಕೆ ನಿಲ್ಲೋಕೆ ನೆಲ ಇರಲಿಲ್ಲ.

ಇವನು ತನ್ನ ಹೊಟ್ಟೆಪಾಡಿಗೆ ಬರೀತಿದಾನೆ ಅಂತ ಯಾರಾದ್ರೂ ಅನ್ನಬಹುದು. ಅನ್ನಲಿ, ಆ ಪ್ರಶ್ನೆ ನ್ಯಾಯವಾದದ್ದೇ, ಯಾಕಂದ್ರೆ ಸಲಹೆ ಕೊಡೋರೆಲ್ಲ ಒಳ್ಳೇದೇ ಮಾಡ್ತಾರೆ ಅಂತ ನಾನು ಹೇಳಲ್ಲ. ದೊಡ್ಡ ಪ್ಲಾಟ್‌ಫಾರ್ಮ್ ಕಟ್ಟೋಣ, ಎಲ್ಲಾ ಅದರಲ್ಲೇ ಬರಲಿ ಅಂತ ಹೊರಟು ದಾರಿ ತಪ್ಪಿದ್ದು ನಮ್ಮ ಕ್ಷೇತ್ರದಲ್ಲೇ ಇದೆ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನವರು 2004ರ ಹೊತ್ತಿಗೆ ಕ್ಯಾಬಿಗ್ ಅನ್ನೋ ಬಹುದೊಡ್ಡ ಯೋಜನೆ ಶುರು ಮಾಡಿದ್ರು, ಕ್ಯಾನ್ಸರ್ ಸಂಶೋಧನೆಯ ಡೇಟಾನೆಲ್ಲ ಒಂದೇ ಜಾಲದಲ್ಲಿ ಕಟ್ಟೋ ಕನಸು. 2011ರಲ್ಲಿ ಅವರದೇ ಸಲಹಾ ಮಂಡಳಿ ನೇಮಿಸಿದ ತಂಡ ನೋಡಿ, ವಿಜ್ಞಾನಿಗೆ ಏನು ಬೇಕು ಅನ್ನೋದಕ್ಕಿಂತ ತಂತ್ರಜ್ಞಾನವೇ ಮುಂದೆ ಹೋಗಿದೆ, ಖರ್ಚಿಗೆ ತಕ್ಕ ಫಲ ಇಲ್ಲ ಅನ್ನೋ ಅರ್ಥದ ಕಟುವಾದ ವರದಿ ಕೊಡ್ತು. ಆದ್ರೆ ಅದೇ ಯೋಜನೆಯಲ್ಲಿ ಹುಟ್ಟಿದ ಇಮೇಜ್ ಆರ್ಕೈವ್ ಸಾಫ್ಟ್‌ವೇರ್ ಮೇಲೆ ನಿಂತಿದ್ದು ದಿ ಕ್ಯಾನ್ಸರ್ ಇಮೇಜಿಂಗ್ ಆರ್ಕೈವ್, ಟಿಸಿಐಎ ಅಂತೀವಲ್ಲ ಅದು. ಅದು ಬಾಳ್ತು. ನನಗೆ ಕಾಣೋ ಕಾರಣ ಒಂದೇ, ಸಾಫ್ಟ್‌ವೇರ್ ಹಿಂದೆ ಜನ ಇದ್ರು. ಡೇಟಾ ಕಳಿಸೋ ಆಸ್ಪತ್ರೆಗೆ ಫೋನ್ ಮಾಡಿ ಕೈ ಹಿಡಿದು ನಡೆಸೋರು, ಬಂದ ಚಿತ್ರಗಳನ್ನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡಿ ಎಲ್ಲಾದ್ರೂ ಹೆಸರು ಉಳಿದಿದೆಯಾ ಅಂತ ಹುಡುಕೋ ಕ್ಯುರೇಟರ್‌ಗಳು. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಪಾಸಣೆ ಬಗ್ಗೆ ನಡೆದ ಎನ್‌ಎಲ್‌ಎಸ್‌ಟಿ ಟ್ರಯಲ್ ಗೊತ್ತಲ್ಲ, 53,454 ಜನ, ಕಡಿಮೆ ಡೋಸ್ ಸಿಟಿಯಿಂದ ಶ್ವಾಸಕೋಶದ ಕ್ಯಾನ್ಸರ್ ಸಾವು 20 ಪರ್ಸೆಂಟ್ ಕಡಿಮೆಯಾಗುತ್ತೆ ಅಂತ 2011ರಲ್ಲಿ ತೋರಿಸಿದ್ದು, ಅದರ ಸಿಟಿ ಚಿತ್ರಗಳು ಇವತ್ತು ಅಲ್ಲಿವೆ, ಟ್ರಯಲ್ ಮುಗಿದು ಇಷ್ಟು ವರ್ಷ ಆದ್ರೂ ಜಗತ್ತಿನ ಎಲ್ಲಾ ಕಡೆಯ ಸಂಶೋಧಕರು ಅದನ್ನ ಬಳಸ್ತಾನೇ ಇದಾರೆ. ಒಂದು ಸಲ ನೆಟ್ಟಗೆ ಇಟ್ಟ ಡೇಟಾ ಅಷ್ಟು ದೂರ ಬರುತ್ತೆ.

ಹಾಗಾಗಿ ನಾನು ಕೇಳ್ತಿರೋದು ದೊಡ್ಡ ಪ್ಲಾಟ್‌ಫಾರ್ಮ್ ಅಲ್ಲ, ಜನ. ಅರ್ಜಿ ಬಂದಾಗ ಅಂಕಿಅಂಶ ತಜ್ಞರು ಸ್ಯಾಂಪಲ್ ಸೈಜ್ ನೋಡ್ತಾರಲ್ಲ, ಹಾಗೇ ಇಮೇಜಿಂಗ್ ಇರೋ ಪ್ರತಿ ಅರ್ಜಿಯ ಡೇಟಾ ದಾರಿಯನ್ನ ಗೊತ್ತಿರೋ ಒಬ್ಬರು ನೋಡ್ಲಿ, ನಿಮ್ಮ ಸಮಿತಿಯಲ್ಲೂ ಅಂಥವರು ಒಬ್ಬರು ಕೂರ್ಲಿ. ಅವರ ಗಂಟೆಗಳಿಗೆ ಬಜೆಟ್‌ನಲ್ಲಿ ಬೇರೆ ಸಾಲು ಇರಲಿ, ಇತರೆ ಖರ್ಚು ಅನ್ನೋದರಲ್ಲಿ ಸೇರಿಸಬೇಡಿ, ಕಡಿತ ಮಾಡುವಾಗ ಮೊದಲು ಹೋಗೋದು ಅದೇ. ಅವರು ಯಾವುದಾದ್ರೂ ಮಷೀನ್ ಕಂಪನಿ ಅಥವಾ ಸಾಫ್ಟ್‌ವೇರ್ ಕಂಪನಿಯಿಂದ ದುಡ್ಡು ತಗೊಳ್ತಿದ್ರೆ ಅದನ್ನ ಬರೆದು ಕೊಡ್ಲಿ, ನಾನೂ ಸೇರಿ. ಮತ್ತೆ ಅವರ ಮಾತಿಗೆ ಬೆಲೆ ಇರಬೇಕು, ಅಂದ್ರೆ ಈ ಸೈಟ್ (ಸ್ಟಡಿಯಲ್ಲಿರೋ ಆಸ್ಪತ್ರೆ) ಇನ್ನೂ ತಯಾರಿಲ್ಲ, ಇಲ್ಲಿ ರೋಗಿಗಳನ್ನ ಈಗಲೇ ಸೇರಿಸಬೇಡಿ ಅಂತ ಅವರು ಹೇಳಿದ್ರೆ ಪ್ರಾಜೆಕ್ಟ್ ನಿಲ್ಲಬೇಕು. ಬರೀ ಸಹಿ ಹಾಕಿಸ್ಕೊಳ್ಳೋಕೆ ಕರೆಯೋದಾದ್ರೆ ಕರೆಯೋದೇ ಬೇಡ.

ಎಲ್ಲಕ್ಕಿಂತ ಮುಖ್ಯ ಅಂತ ನನಗನ್ನಿಸೋದು ಒಣ ಓಟ, ಅಂದ್ರೆ ಡ್ರೈ ರನ್. ನಿಜವಾದ ರೋಗಿಯನ್ನ ಸೇರಿಸೋ ಮುಂಚೆ ಪ್ರತಿ ಆಸ್ಪತ್ರೆಯಿಂದ ಒಂದು ಫ್ಯಾಂಟಮ್, ಅಂದ್ರೆ ರೋಗಿಯ ಬದಲು ಇಡೋ ಪರೀಕ್ಷಾ ಬೊಂಬೆ, ಸ್ಕ್ಯಾನ್ ಮಾಡಿಸಿ, ಗುರುತು ತೆಗೆಸಿ, ಕಳಿಸಿ, ಗೆರೆ ಎಳೆಸಿ, ಕೊನೇ ನಂಬರ್ ತನಕ ಓಡಿಸಿ ನೋಡಿ. ಫ್ಯಾಂಟಮ್ ಒಳಗೆ ಎಷ್ಟು ತುಂಬಿದೀವಿ ಅಂತ ನಮಗೆ ಗೊತ್ತಿರುತ್ತೆ, ಉತ್ತರ ಅಷ್ಟೇ ಬರಬೇಕು. ಬರದಿದ್ರೆ ದಾರಿಯಲ್ಲಿ ಎಲ್ಲೋ ತೂತಿದೆ. ನಾನು ಹೇಳಿದ ಪೆಟ್ ಸ್ಟಡಿಯಲ್ಲಿ ಇದೊಂದು ಮಾಡಿದ್ರೆ ಮೊದಲ ವಾರದಲ್ಲೇ ಸಿಕ್ಕಿಬೀಳ್ತಿತ್ತು. ಸ್ಟಡಿ ಪೂರ್ತಿ ಮುಗಿದು ಲೆಕ್ಕ ಚುಕ್ತಾ ಆಗೋ ತನಕ ಮೂಲ ಫೈಲ್‌ಗಳನ್ನ ಆಸ್ಪತ್ರೆ ತನ್ನ ಹತ್ರ ಭದ್ರವಾಗಿ ಇಟ್ಕೊಂಡಿರಬೇಕು ಅನ್ನೋದನ್ನ ಒಪ್ಪಂದದಲ್ಲೇ ಬರೀರಿ, ಪ್ಯಾಕ್ಸ್ ಬದಲಾಯಿಸೋದಿದ್ರೆ ಮುಂಚೆ ತಿಳಿಸ್ಬೇಕು ಅಂತಾನೂ ಸೇರಿಸಿ.

ಸಲಹೆಗಾರರು ಹೋಗೋವಾಗ ಏನು ಬಿಟ್ಟು ಹೋದ್ರು ಅಂತಾನೂ ಕೇಳಿ. ದಪ್ಪ ವರದಿ ಕೊಟ್ಟು ಹೋಗೋರು ಬಹಳ. ನನ್ನ ಕಣ್ಣಲ್ಲಿ ಒಳ್ಳೇ ಕೆಲಸ ಅಂದ್ರೆ ಅಲ್ಲಿನ ಒಬ್ಬ ಟೆಕ್ನಾಲಜಿಸ್ಟೋ ಡೇಟಾ ನೋಡೋರೋ ಮುಂದಿನ ಸ್ಟಡಿಗೆ ನಮ್ಮನ್ನ ಕೇಳದೇ ಇದನ್ನೆಲ್ಲ ತಾವೇ ಮಾಡೋ ಹಾಗಾಗೋದು. ರಿಜಿಸ್ಟರ್ ನೋಡಿ ತೂಕ ತುಂಬಿದ್ಲು ಅಂದ್ನಲ್ಲ, ಆ ಹುಡುಗಿ ಈಗ ಹೊಸ ಸೈಟ್ ಸೇರಿದಾಗೆಲ್ಲ ಮೊದಲ ಫೈಲ್ ತಾನೇ ಬಿಚ್ಚಿ ತೂಕದ ಟ್ಯಾಗ್, ಇಂಜೆಕ್ಷನ್ ಸಮಯದ ಟ್ಯಾಗ್ ನೋಡಿ ಆಮೇಲೇ ಮುಂದಕ್ಕೆ ಬಿಡ್ತಾಳೆ, ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥವರಿಗೆ ಕಾಯಂ ಹುದ್ದೆ ಕೊಡಿ ಅಂತಾನೂ ಇದೇ ಪತ್ರದಲ್ಲಿ ಕೇಳ್ಕೊಳ್ತೀನಿ, ಪ್ರಾಜೆಕ್ಟ್ ಮುಗಿದ ತಕ್ಷಣ ಅವರ ಕೆಲಸ ಹೋದ್ರೆ ಕಲಿತಿದ್ದೆಲ್ಲ ಅವರ ಜೊತೆಗೇ ಬಾಗಿಲು ದಾಟುತ್ತೆ.

ಮುಂದಿನ ಸಲ ಅರ್ಜಿ ಕರೆಯೋವಾಗ ಫಾರಂನಲ್ಲಿ ಒಂದು ಕಾಲಂ ಸೇರಿಸಿ. "ಈ ಸ್ಟಡಿಯ ಚಿತ್ರಗಳ ದಾರಿಯನ್ನ ಪರಿಶೀಲಿಸಿದ ಇನ್‌ಫರ್ಮ್ಯಾಟಿಕ್ಸ್ ತಜ್ಞರು ಯಾರು, ಯಾವ ದಿನ ನೋಡಿದ್ರು, ಮೊದಲ ರೋಗಿಯ ಸ್ಕ್ಯಾನ್ ಯಾವ ದಿನ?" ಎರಡು ದಿನಾಂಕದಲ್ಲಿ ಯಾವುದು ಮುಂಚೆ ಇದೆ ಅಂತ ನೋಡಿ, ಸಹಿ ಹಾಕಿ.

ಇಂತಿ,
ಕ್ಯಾನ್ಸರ್ ಇಮೇಜಿಂಗ್ ಡೇಟಾ ಕೆಲಸದಲ್ಲಿರೋ ಒಬ್ಬ ಸಲಹೆಗಾರ